ಜರ್ಮನಿಯ ವಯಸ್ಕರಿಗೆ ಕಚೇರಿ ಇಂಗ್ಲಿಷ್ ಮತ್ತು ಕೆಲಸ ಹುಡುಕುವ ಪಾಠ: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಳಸಂಗಾತಿಯ ಕೆಲಸದ ನಿಮಿತ್ತ ಜರ್ಮನಿಗೆ ಬಂದು ನೆಲೆಸಿದ, ಊರಿನಲ್ಲಿ ಕಾಲೇಜಿನಲ್ಲೋ ಕಂಪನಿಯ ತರಬೇತಿ ವಿಭಾಗದಲ್ಲೋ ದುಡಿದ ಅನುಭವವಿರುವ ಕನ್ನಡಿಗರು, ಇಲ್ಲಿನ ವಯಸ್ಕರಿಗೆ ಇಂಗ್ಲಿಷ್ ಕಲಿಸುವ ಕೆಲಸದ ಬಗ್ಗೆ ಆಗಾಗ ವಿಚಾರಿಸುತ್ತಾರೆ. ಅವರು ಕೇಳುವ ಪ್ರಶ್ನೆಗಳಿಗೆ ಉತ್ತರಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಶಾಲಾ ಮಕ್ಕಳ ಪಾಠದ ವಿಷಯ ಇದರಲ್ಲಿಲ್ಲ.

ಜರ್ಮನರಿಗೆಲ್ಲ ಇಂಗ್ಲಿಷ್ ಬರುತ್ತದಲ್ಲವೆ? ಹಾಗಿದ್ದರೆ ಕಲಿಯಲು ಬರುವವರು ಯಾರು?

ಬರ್ಲಿನ್ ಅಥವಾ ಮ್ಯೂನಿಕ್ ನಗರದ ಐಟಿ ಕಚೇರಿಗಳನ್ನು ಮಾತ್ರ ನೋಡಿದವರಿಗೆ ಹಾಗೆ ಅನ್ನಿಸುವುದು ಸಹಜ. ಈಗ ಹೆಚ್ಚಿನ ರಾಜ್ಯಗಳಲ್ಲಿ ಮಕ್ಕಳು 3ನೆಯ ತರಗತಿಯಿಂದಲೇ ಇಂಗ್ಲಿಷ್ ಕಲಿಯುತ್ತಾರೆ. ಆದರೆ ಐವತ್ತು ದಾಟಿದವರ ಕಥೆ ಬೇರೆ. 1990ರ ಏಕೀಕರಣಕ್ಕೆ ಮುಂಚೆ ಪೂರ್ವ ಜರ್ಮನಿಯ ಶಾಲೆಗಳಲ್ಲಿ 5ನೆಯ ತರಗತಿಯಿಂದ ರಷ್ಯನ್ ಕಡ್ಡಾಯವಾಗಿತ್ತು, ಇಂಗ್ಲಿಷ್ ಅದರ ನಂತರ ಬರುತ್ತಿದ್ದ ಎರಡನೆಯ ಆಯ್ಕೆಯ ಭಾಷೆ. ಲೈಪ್‌ಜಿಗ್, ಕೆಮ್ನಿಟ್ಸ್ ಕಡೆ ಪಾಠ ಮಾಡಿದರೆ, ಸಿರಿಲಿಕ್ ಲಿಪಿಯನ್ನು ಇಂದಿಗೂ ಸರಾಗವಾಗಿ ಓದಬಲ್ಲ, ಇಂಗ್ಲಿಷಿನಲ್ಲಿ ಮಾತ್ರ ಎರಡು ವಾಕ್ಯಕ್ಕೆ ತಡವರಿಸುವ ಹಿರಿಯರು ನಿಮಗೆ ಸಿಗುತ್ತಾರೆ.

ಪಶ್ಚಿಮ ಭಾಗದಲ್ಲಿ ಬೆಳೆದವರಲ್ಲಿಯೂ, ಶಾಲೆ ಬಿಟ್ಟ ಮೇಲೆ ಮೂವತ್ತು ವರ್ಷ ಒಂದೇ ಕಾರ್ಖಾನೆಯಲ್ಲಿ ಜರ್ಮನ್ ಭಾಷೆಯಲ್ಲೇ ದುಡಿದು, ಕಂಪನಿ ಬೇರೆಯವರ ಕೈಗೆ ಹೋದಾಗ ಅಥವಾ ವಿಭಾಗವೇ ಮುಚ್ಚಿಹೋದಾಗ ಏಕಾಏಕಿ ಇಂಗ್ಲಿಷಿನ ಮುಂದೆ ನಿಲ್ಲಬೇಕಾದವರು ಬಹಳ ಮಂದಿ. ಕೆಲಸ ಕಳೆದುಕೊಂಡವರು, ಹೆರಿಗೆಯ ನಂತರ ಮತ್ತೆ ಉದ್ಯೋಗಕ್ಕೆ ಮರಳುವವರು, ಬಡ್ತಿಗೆ ಇಂಗ್ಲಿಷ್ ಅಡ್ಡ ಬಂದಿರುವ ಎಂಜಿನಿಯರುಗಳು ಒಂದೇ ಕೋಣೆಯಲ್ಲಿ ಕೂತಿರುತ್ತಾರೆ. ಅವರ ಕಸುಬಿನ ಜ್ಞಾನ ನಿಮಗಿಂತ ಬಹಳ ಆಳವಾದುದು ಎಂಬುದನ್ನು ಮೊದಲ ದಿನದಿಂದಲೇ ನೆನಪಿನಲ್ಲಿಟ್ಟುಕೊಂಡರೆ ಪಾಠ ಸುಲಭವಾಗುತ್ತದೆ; ಪಾಠಕ್ಕೆ ಬೇಕಾದ ಸರಕೆಲ್ಲ ಅವರ ಕೆಲಸದಲ್ಲಿಯೇ ಇದೆ.

ಇಂತಹ ತರಗತಿಗಳು ಎಲ್ಲಿ ನಡೆಯುತ್ತವೆ? ಶುಲ್ಕ ಯಾರು ಕೊಡುತ್ತಾರೆ?

ಎಲ್ಲಕ್ಕಿಂತ ಹಳೆಯ ಮತ್ತು ವಿಶ್ವಾಸಾರ್ಹವಾದ ಜಾಗ ಫೋಕ್ಸ್‌ಹೋಖ್‌ಶೂಲೆ, ಅಂದರೆ ಊರೂರಿನಲ್ಲಿ ಇರುವ ವಯಸ್ಕರ ಶಿಕ್ಷಣ ಕೇಂದ್ರ. ಅಲ್ಲಿ ಕಲಿಯುವವರು ತಮ್ಮ ಜೇಬಿನಿಂದಲೇ ಸಾಧಾರಣ ಶುಲ್ಕ ಕೊಟ್ಟು, ಹೆಚ್ಚಾಗಿ ಸಂಜೆಯ ಹೊತ್ತು ಬರುತ್ತಾರೆ. ಎರಡನೆಯದು ಖಾಸಗಿ ತರಬೇತಿ ಸಂಸ್ಥೆಗಳು. ಕೆಲಸವಿಲ್ಲದವರಿಗೆ ಉದ್ಯೋಗ ಕಚೇರಿಯು, ತರಬೇತಿ ಅಗತ್ಯವೆಂದು ಅಲ್ಲಿನ ಅಧಿಕಾರಿಗೆ ಮನವರಿಕೆಯಾದರೆ, ಬಿಲ್ಡುಂಗ್ಸ್‌ಗುಟ್‌ಶೈನ್ ಎಂಬ ತರಬೇತಿ ಚೀಟಿಯನ್ನು ಕೊಡುತ್ತದೆ. ಈ ಚೀಟಿ ನಡೆಯಬೇಕಾದರೆ ಸಂಸ್ಥೆಗೂ ಆ ಕೋರ್ಸಿಗೂ ಸರ್ಕಾರಿ ನಿಯಮದ ಪ್ರಕಾರ ಮಾನ್ಯತೆ ಇರಬೇಕು. ಅರ್ಜಿ ಬರೆಯುವುದು, ಸಂದರ್ಶನಕ್ಕೆ ತಯಾರಾಗುವುದು ಮುಂತಾದವುಗಳನ್ನು ಒಬ್ಬರಿಗೆ ಒಬ್ಬರು ಹೇಳಿಕೊಡುವ ಪಾಠಕ್ಕೆ ಬೇರೆಯೇ ಒಂದು ಚೀಟಿಯಿದೆ.

ಮೂರನೆಯದು ಕಂಪನಿಯೊಳಗಿನ ತರಗತಿ. ಇದರ ಖರ್ಚು ಕಂಪನಿಯದ್ದು, ಸಮಯ ಸಾಮಾನ್ಯವಾಗಿ ಬೆಳಗಿನ ಮೊದಲ ಗಂಟೆ ಅಥವಾ ಊಟದ ಹೊತ್ತು. ಇದಲ್ಲದೆ ಹೆಚ್ಚಿನ ರಾಜ್ಯಗಳಲ್ಲಿ ನೌಕರರಿಗೆ ಸಂಬಳಸಹಿತ ಕಲಿಕೆಯ ರಜೆ ಸಿಗುತ್ತದೆ, ಸಾಮಾನ್ಯವಾಗಿ ವರ್ಷಕ್ಕೆ 5 ದಿನ. ಬವೇರಿಯಾದಲ್ಲಿ ಅಂತಹ ಕಾನೂನಿಲ್ಲ. ಒಂದು ವಾರದ ಇಂಗ್ಲಿಷ್ ಕೋರ್ಸುಗಳು ಈ ರಜೆಯನ್ನು ನಂಬಿಕೊಂಡೇ ನಡೆಯುತ್ತವೆ. ಹೆಚ್ಚಿನ ಕಡೆ ಪಾಠದ ಲೆಕ್ಕ 45 ನಿಮಿಷದ್ದು. ಸಂಭಾವನೆಯ ಮಾತಾಡುವಾಗ 'ಗಂಟೆ' ಎಂದರೆ 45 ನಿಮಿಷವೋ 60 ನಿಮಿಷವೋ ಎಂದು ಕೇಳಿಕೊಳ್ಳಿ.

ನನ್ನ ಮಾತೃಭಾಷೆ ಕನ್ನಡ. ಇಂಗ್ಲೆಂಡ್, ಅಮೆರಿಕದವರಿದ್ದಾಗ ನನಗೆ ಯಾರು ಕೆಲಸ ಕೊಡುತ್ತಾರೆ?

ಕೆಲವು ಸಂಸ್ಥೆಗಳು ಇಂದಿಗೂ 'ಇಂಗ್ಲಿಷ್ ಮಾತೃಭಾಷೆಯವರೇ ಬೇಕು' ಎನ್ನುತ್ತವೆ. ಅದರಿಂದ ಎದೆಗುಂದಬೇಕಾಗಿಲ್ಲ. ಕೆಲಸದ ಇಂಗ್ಲಿಷ್ ವಿಷಯಕ್ಕೆ ಬಂದರೆ ಕಲಿಯುವವರು ನಾಳೆ ಮಾತಾಡಬೇಕಾದದ್ದು ಪೋಲೆಂಡ್, ಚೀನಾ, ಭಾರತದ ಸಹೋದ್ಯೋಗಿಗಳೊಂದಿಗೆ. ಇಂಗ್ಲಿಷನ್ನು ತಾನೂ ಕಲಿತು ದಕ್ಕಿಸಿಕೊಂಡವರಿಗೆ, ಕಲಿಯುವವರು ಎಲ್ಲಿ ಎಡವುತ್ತಾರೆ ಎಂಬುದು ಬೇಗ ತಿಳಿಯುತ್ತದೆ. ಉದಾಹರಣೆಗೆ ಜರ್ಮನರು 'ಐ ವರ್ಕ್ ಹಿಯರ್ ಸಿನ್ಸ್ 2015' ಎನ್ನುತ್ತಾರೆ, ಏಕೆಂದರೆ ಅವರ ಭಾಷೆಯಲ್ಲಿ ಅಲ್ಲಿ ವರ್ತಮಾನ ಕಾಲವೇ ಸರಿ. ನಾವೂ '2015ರಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ' ಎನ್ನುವವರೇ ಆದ್ದರಿಂದ, ಆ ತಪ್ಪು ನಮಗೆ ಹೊಸದಲ್ಲ.

ಅರ್ಹತೆಯ ಪತ್ರವೊಂದು ಇದ್ದರೆ ಬಾಗಿಲು ಬೇಗ ತೆರೆಯುತ್ತದೆ. ಇಂಗ್ಲಿಷ್ ಕಲಿಸುವವರಿಗಾಗಿ ಇರುವ ಕೇಂಬ್ರಿಡ್ಜಿನ ಸೆಲ್ಟಾ ತರಬೇತಿಯಲ್ಲಿ ಕನಿಷ್ಠ 120 ಗಂಟೆಗಳ ಕಲಿಕೆ ಮತ್ತು ನಿಜವಾದ ವಯಸ್ಕ ವಿದ್ಯಾರ್ಥಿಗಳ ಮುಂದೆ 6 ಗಂಟೆಗಳ ಪಾಠ ಇರುತ್ತವೆ. ಅದು ದುಬಾರಿ, ಆದರೆ ಆನ್‌ಲೈನಿನಲ್ಲಿ ವಾರಾಂತ್ಯಕ್ಕೆ ಮುಗಿಯುವ ಅಗ್ಗದ ಪ್ರಮಾಣಪತ್ರಗಳಿಗೆ ಇಲ್ಲದ ತೂಕ ಅದಕ್ಕಿದೆ. ಇದರ ಜೊತೆಗೆ ಯಾವುದಾದರೂ ಕಂಪನಿಯಲ್ಲಿ ದುಡಿದ ಅನುಭವವಿದ್ದರೆ ಅದನ್ನು ಮುಂದಿಡಿ. ಸರಕು ಸಾಗಣೆ, ಲೆಕ್ಕಪತ್ರ, ಗುಣಮಟ್ಟದ ತಪಾಸಣೆ ಇವುಗಳನ್ನು ಕಣ್ಣಾರೆ ಕಂಡ ಶಿಕ್ಷಕರು ವಿರಳ.

ನನಗೆ ಜರ್ಮನ್ ಎಷ್ಟು ಬರಬೇಕು?

ತರಗತಿಯಲ್ಲಿ ಇಂಗ್ಲಿಷಿನಲ್ಲೇ ನಿಭಾಯಿಸಬಹುದು. ಆದರೆ ಅರ್ಜಿ ತಯಾರಿಸುವ ಪಾಠಕ್ಕೆ, ಎದುರಿಗಿರುವ ಜರ್ಮನ್ ದಾಖಲೆಯನ್ನು ಓದಿ ಅರ್ಥಮಾಡಿಕೊಳ್ಳಲು, ಭಾಷೆಯನ್ನು ಎ1ರಿಂದ ಸಿ2ರವರೆಗೆ ಅಳೆಯುವ ಯುರೋಪಿನ ಮಾಪನದಲ್ಲಿ ಬಿ1 ಮಟ್ಟವಾದರೂ ಬೇಕು, ಬಿ2 ಇದ್ದರೆ ಒಳ್ಳೆಯದು.

ಇಂಗ್ಲಿಷ್ ಕಲಿಯುವ ಜರ್ಮನರು ಹೆಚ್ಚಾಗಿ ಮಾಡುವ ತಪ್ಪುಗಳು ಯಾವುವು?

ಜರ್ಮನ್, ಇಂಗ್ಲಿಷ್ ಎರಡೂ ಒಂದೇ ಕುಲದ ಭಾಷೆಗಳಾದ ಕಾರಣ ಹೋಲುವ ಪದಗಳು ಬಹಳ, ಅಪಾಯವೂ ಅಲ್ಲಿಯೇ. ಜರ್ಮನಿನ 'ಬೆಕೊಮ್ಮೆನ್' ಎಂದರೆ ಪಡೆಯುವುದು. ಹಾಗಾಗಿ ಹೋಟೆಲಿನಲ್ಲಿ 'ಐ ಬಿಕಮ್ ಎ ಸ್ಟೇಕ್' ಎನ್ನುವ ಹಳೆಯ ನಗೆಹನಿ ಹುಟ್ಟಿದೆ. ಕಚೇರಿಯಲ್ಲಿ ನಗೆಗಿಂತ ನಷ್ಟ ತರುವವು ಬೇರೆ. 'ಎವೆಂಟುಎಲ್' ಎಂದರೆ 'ಬಹುಶಃ', 'ಆಕ್ಟುಎಲ್' ಎಂದರೆ 'ಸದ್ಯ'. 'ವಿ ವಿಲ್ ಇವೆಂಚುವಲಿ ಡೆಲಿವರ್ ಇನ್ ಮೇ' ಎಂದು ಬರೆದವರು 'ಮೇ ತಿಂಗಳಲ್ಲಿ ಕಳಿಸಬಹುದೇನೋ' ಎಂದುಕೊಂಡಿರುತ್ತಾರೆ; ಓದಿದವರು ತಡವಾದರೂ ಮೇ ತಿಂಗಳಲ್ಲಿ ಸರಕು ಬಂದೇ ಬರುತ್ತದೆ ಎಂದು ನಂಬುತ್ತಾರೆ. 'ಬಿಸ್' ಎಂಬ ಒಂದೇ ಜರ್ಮನ್ ಪದ ಇಂಗ್ಲಿಷಿನ 'ಬೈ' ಮತ್ತು 'ಅಂಟಿಲ್' ಎರಡರ ಕೆಲಸವನ್ನೂ ಮಾಡುವುದರಿಂದ ಗಡುವುಗಳು ಕಲಸಿಹೋಗುತ್ತವೆ. ಇವಕ್ಕೆ ಪಟ್ಟಿ ಬಾಯಿಪಾಠ ಮಾಡಿಸುವುದಕ್ಕಿಂತ, ಕಲಿಯುವವರು ನಿಜವಾಗಿ ಕಳಿಸಿದ ಇಮೇಲುಗಳನ್ನು ಹೆಸರು ಅಳಿಸಿ ತರಗತಿಯಲ್ಲಿ ತಿದ್ದುವುದು ಹೆಚ್ಚು ಫಲ ಕೊಡುತ್ತದೆ.

ಉಚ್ಚಾರದಲ್ಲಿ ಪದದ ಕೊನೆಯ ಘೋಷ ವ್ಯಂಜನಗಳು ಅಘೋಷವಾಗುತ್ತವೆ: 'ಬ್ಯಾಡ್' ಎಂಬುದು 'ಬ್ಯಾಟ್' ಆಗಿ ಕೇಳಿಸುತ್ತದೆ. 'ವಿ' ಮತ್ತು 'ಡಬ್ಲ್ಯೂ' ಅಕ್ಷರಗಳ ವ್ಯತ್ಯಾಸದಲ್ಲಿ ಅವರಿಗೂ ನಮಗೂ ತೊಂದರೆಯಿದೆ, ಆದ್ದರಿಂದ ಆ ಪಾಠಕ್ಕೆ ಧ್ವನಿಮುದ್ರಿಕೆ ಬಳಸುವುದು ಸುರಕ್ಷಿತ.

ಸಂಖ್ಯೆಗಳಿಗೆ ಪ್ರತ್ಯೇಕ ಪಾಠ ಬೇಕೆ?

ಖಂಡಿತ ಬೇಕು, ಅದೂ ಮೊದಲ ತಿಂಗಳಲ್ಲೇ. ಜರ್ಮನಿನಲ್ಲಿ 53ನ್ನು 'ಮೂರು ಮತ್ತು ಐವತ್ತು' ಎಂಬ ಕ್ರಮದಲ್ಲಿ ಹೇಳುತ್ತಾರೆ. ಫೋನಿನಲ್ಲಿ ಅವಸರದಿಂದ ಬರೆದುಕೊಂಡಾಗ ಅದು 35 ಆಗುವುದು ಸಾಮಾನ್ಯ. ಅಲ್ಲಿ ದಶಮಾಂಶಕ್ಕೆ ಅಲ್ಪವಿರಾಮ, ಸಾವಿರ ಬೇರ್ಪಡಿಸಲು ಚುಕ್ಕಿ, ಅಂದರೆ 1.500 ಎಂದು ಬರೆದರೆ ಅದು ಒಂದೂವರೆ ಸಾವಿರ. ಅವರ 'ಬಿಲಿಯೋನ್' ಇಂಗ್ಲಿಷಿನ ಟ್ರಿಲಿಯನ್‌ಗೆ ಸಮ. 'ಹಾಲ್ಬ್ ಜೀಬೆನ್' ಎಂದರೆ ಆರೂವರೆ, ಬ್ರಿಟಿಷರ ಆಡುಮಾತಿನ 'ಹಾಫ್ ಸೆವೆನ್' ಎಂದರೆ ಏಳೂವರೆ; ಸಂದರ್ಶನದ ಸಮಯ ನಿಗದಿ ಮಾಡುವಾಗ ಈ ಒಂದು ಗಂಟೆ ಸಣ್ಣದಲ್ಲ.

ಜರ್ಮನ್ ಸಿವಿಯನ್ನು ಇಂಗ್ಲಿಷಿಗೆ ತರುವಾಗ ಅನುವಾದ ಮಾಡಿದರೆ ಸಾಲದೆ?

ಸಾಲದು. ಲೇಬೆನ್ಸ್‌ಲೌಫ್ ಎಂಬುದು ಜೀವನದ ಕೋಷ್ಟಕ. ಹುಟ್ಟಿದ ದಿನಾಂಕ, ಊರು, ಎಷ್ಟೋ ವೇಳೆ ಮದುವೆಯಾಗಿದೆಯೆ ಎಂಬುದು, ಮೇಲ್ಭಾಗದಲ್ಲಿ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ, ಕೊನೆಗೆ ದಿನಾಂಕ ಮತ್ತು ಸಹಿ ಅದರಲ್ಲಿ ಇರುತ್ತಿದ್ದವು. 2006ರಲ್ಲಿ ಸಮಾನ ನಡವಳಿಕೆಯ ಕಾನೂನು ಬಂದ ಮೇಲೆ ಉದ್ಯೋಗದಾತರು ಫೋಟೋ ಕೇಳುವಂತಿಲ್ಲವೆಂಬ ಎಚ್ಚರ ಮೂಡಿದೆ, ಆದರೂ ಹಿರಿಯರು ರೂಢಿಯಂತೆ ಹಚ್ಚುತ್ತಾರೆ. ಬ್ರಿಟನ್ ಅಥವಾ ಅಮೆರಿಕದ ಕಂಪನಿಗೆ ಕಳಿಸುವಾಗ ಇವೆಲ್ಲವನ್ನೂ ತೆಗೆಯಬೇಕು. 'ಅಷ್ಟು ಚೆನ್ನಾಗಿ ಬಂದ ಫೋಟೋ ಯಾಕೆ ಬೇಡ' ಎಂಬ ಚರ್ಚೆಗೆ ಅರ್ಧ ತರಗತಿ ಹೋಗುತ್ತದೆ. ಹೋಗಲಿ ಬಿಡಿ, ಅದೂ ಇಂಗ್ಲಿಷಿನಲ್ಲೇ ನಡೆದರಾಯಿತು.

ನಿಜವಾದ ಕೆಲಸವಿರುವುದು ಅನುಭವದ ಭಾಗದಲ್ಲಿ. ಜರ್ಮನ್ ರೂಢಿಯಲ್ಲಿ ಹುದ್ದೆ, ಅವಧಿ ಮತ್ತು ಹೊಣೆಗಳ ಪಟ್ಟಿ ಸಾಕು. ಇಂಗ್ಲಿಷ್ ಸಿವಿ ಓದುವವರು ಆ ಹೊಣೆಯಿಂದ ಏನಾಯಿತು ಎಂದು ಹುಡುಕುತ್ತಾರೆ. ಗೋದಾಮಿನ ಮೇಲ್ವಿಚಾರಕರೊಬ್ಬರು 'ರೆಸ್ಪಾನ್ಸಿಬಲ್ ಫಾರ್ ವೇರ್‌ಹೌಸ್' ಎಂದು ಬರೆದು ಪೆನ್ನು ಕೆಳಗಿಟ್ಟರು ಎಂದಿಟ್ಟುಕೊಳ್ಳಿ. ಆಗ ಪ್ರಶ್ನೆಗಳನ್ನು ಕೇಳುತ್ತಾ ಹೋಗಬೇಕು. ನಿಮ್ಮ ಕೈಕೆಳಗೆ ಎಷ್ಟು ಜನರಿದ್ದರು? ದಿನಕ್ಕೆ ಎಷ್ಟು ಲಾರಿ ಬರುತ್ತಿದ್ದವು? ಸರಕು ಎಣಿಸುವ ಪದ್ಧತಿಯನ್ನು ನೀವು ಬದಲಿಸಿದಿರಾ? ಬದಲಿಸಿದ ಮೇಲೆ ಲೆಕ್ಕ ತಪ್ಪುವುದು ಕಡಿಮೆಯಾಯಿತೆ? ಉತ್ತರಗಳು ಜರ್ಮನಿನಲ್ಲಿ ಬಂದರೂ ಬರಲಿ, ಬೋರ್ಡಿನ ಮೇಲೆ ಗುರುತು ಹಾಕಿಕೊಳ್ಳಿ. ಆಮೇಲೆ 'ಲೆಡ್', 'ರಿಡ್ಯೂಸ್ಡ್', 'ಇಂಟ್ರೊಡ್ಯೂಸ್ಡ್', 'ಟ್ರೇನ್ಡ್' ಎಂಬ ಭೂತಕಾಲದ ಕ್ರಿಯಾಪದಗಳನ್ನು ಕೊಟ್ಟು, ಪ್ರತಿ ಉತ್ತರವನ್ನೂ ಒಂದು ಸಾಲಾಗಿಸಲು ಹೇಳಿ. ಕೇವಲ ಮೂರು ಪದಗಳಿದ್ದ ಜಾಗದಲ್ಲಿ ಒಬ್ಬ ಮನುಷ್ಯನ ದುಡಿಮೆ ಕಾಣಿಸತೊಡಗುತ್ತದೆ. ಭೂತಕಾಲದ ವ್ಯಾಕರಣವೂ ಅದರ ಜೊತೆಗೇ ಮುಗಿದಿರುತ್ತದೆ.

ಹಿಂದಿನ ಕಂಪನಿ ಕೊಟ್ಟ ಪ್ರಮಾಣಪತ್ರವನ್ನು ಹಾಗೆಯೇ ಅನುವಾದಿಸಬಹುದೆ?

ಇದು ಅತ್ಯಂತ ಸೂಕ್ಷ್ಮವಾದ ಭಾಗ. ಜರ್ಮನಿಯಲ್ಲಿ ಕೆಲಸ ಬಿಡುವ ಪ್ರತಿಯೊಬ್ಬ ನೌಕರನಿಗೂ ಆರ್ಬೈಟ್ಸ್‌ತ್ಸೋಯ್ಗ್ನಿಸ್ ಎಂಬ ಲಿಖಿತ ಕೆಲಸದ ಪ್ರಮಾಣಪತ್ರ ಪಡೆಯುವ ಕಾನೂನುಬದ್ಧ ಹಕ್ಕಿದೆ. ಅದು ಸತ್ಯವಾಗಿರಬೇಕು, ಜೊತೆಗೆ ನೌಕರನ ಮುಂದಿನ ದಾರಿಗೆ ಅಡ್ಡಿಯಾಗದಂತೆ ಸದ್ಭಾವದಿಂದಲೂ ಕೂಡಿರಬೇಕು. ಕೆಟ್ಟದ್ದನ್ನು ಬಾಯಿಬಿಟ್ಟು ಹೇಳಲಾಗದ ಕಾರಣ ಹೊಗಳಿಕೆಯಲ್ಲೇ ಶ್ರೇಣಿಗಳು ಹುಟ್ಟಿಕೊಂಡಿವೆ. 'ಸದಾ ನಮ್ಮ ಸಂಪೂರ್ಣಾತಿಸಂಪೂರ್ಣ ತೃಪ್ತಿಗೆ ತಕ್ಕಂತೆ ದುಡಿದರು' ಎಂದಿದ್ದರೆ ಅತ್ಯುತ್ತಮ. 'ಸದಾ' ಎಂಬ ಪದವಿಲ್ಲದೆ 'ನಮ್ಮ ಪೂರ್ಣ ತೃಪ್ತಿಗೆ' ಎಂದಷ್ಟೇ ಇದ್ದರೆ ಸಾಧಾರಣ. ಬರೀ 'ತೃಪ್ತಿಗೆ' ಎಂದಿದ್ದರೆ ಅದಕ್ಕಿಂತ ಕೆಳಗೆ. 'ಪ್ರಯತ್ನಪಟ್ಟರು' ಎಂದು ಬರೆದಿದ್ದರೆ ಕೆಲಸ ಆಗಲಿಲ್ಲವೆಂದೇ ಅರ್ಥ.

ಇದನ್ನು ಅಕ್ಷರಶಃ ಇಂಗ್ಲಿಷಿಗೆ ತಂದರೆ, ಅತ್ಯುತ್ತಮ ಪತ್ರವು ವಿಚಿತ್ರವಾಗಿಯೂ ಕಳಪೆ ಪತ್ರವು ಚೆನ್ನಾಗಿಯೂ ಕಾಣಿಸಬಹುದು. ಜರ್ಮನಿಯೊಳಗಿನ ಅರ್ಜಿಯಾದರೆ ಮೂಲ ಪತ್ರವನ್ನೇ ಲಗತ್ತಿಸಲಿ. ಹೊರದೇಶದ ಅರ್ಜಿಗೆ, ತಮ್ಮ ಬಗ್ಗೆ ನಾಲ್ಕು ಮಾತು ಹೇಳಬಲ್ಲ ಹಳೆಯ ಮೇಲಧಿಕಾರಿಯೊಬ್ಬರ ಒಪ್ಪಿಗೆ ಪಡೆದು ಅವರ ಹೆಸರು ಕೊಡುವುದು ಲೇಸು. ಪಾಠದ ದೃಷ್ಟಿಯಿಂದ ಮಾತ್ರ ಈ ಪತ್ರ ಒಳ್ಳೆಯ ಸಾಮಗ್ರಿ: ಅದರಲ್ಲಿರುವ ಕೆಲಸಗಳ ವಿವರಣೆಯನ್ನು ಬಾಯಿಮಾತಿನಲ್ಲಿ ಇಂಗ್ಲಿಷಿಗೆ ತರಿಸಿ. ಶ್ರೇಣಿ ಕೆಳಗಿದ್ದರೆ ತರಗತಿಯ ಎದುರು ಅದನ್ನು ಬಿಡಿಸಿ ಹೇಳಬೇಡಿ.

ಡಿಗ್ರಿ ಇಲ್ಲದವರ ವಿದ್ಯಾರ್ಹತೆಯನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕು?

ಔಸ್‌ಬಿಲ್ಡುಂಗ್ ಎಂಬ ವೃತ್ತಿಶಿಕ್ಷಣವನ್ನು ನಮ್ಮ ಐಟಿಐಗೆ ಹೋಲಿಸಿ ಕಡಿಮೆ ಎಣಿಸುವ ಭಾರತೀಯರನ್ನು ಕಂಡಿದ್ದೇನೆ; ಅದು ಸರಿಯಲ್ಲ. ಸುಮಾರು 330 ಮಾನ್ಯ ವೃತ್ತಿಗಳಲ್ಲಿ, ಎರಡರಿಂದ ಮೂರೂವರೆ ವರ್ಷ, ಕಂಪನಿಯಲ್ಲಿ ಸಂಬಳದ ದುಡಿಮೆ ಮತ್ತು ವೃತ್ತಿಶಾಲೆಯ ಪಾಠ ಎರಡೂ ಸೇರಿ ನಡೆಯುವ ವ್ಯವಸ್ಥೆ ಅದು. ಇಂಗ್ಲಿಷಿನಲ್ಲಿ ಅದಕ್ಕೆ ತಕ್ಕ ಪದವಿಲ್ಲದ ಕಾರಣ ಕಲಿಯುವವರು 'ಎಜುಕೇಷನ್' ಎಂದಷ್ಟೇ ಬರೆದು ತಮ್ಮ ಅರ್ಹತೆಯನ್ನು ತಾವೇ ಮರೆಮಾಡುತ್ತಾರೆ. ಪ್ರತಿ ವೃತ್ತಿಗೂ ಇಂಗ್ಲಿಷ್ ವಿವರಣಾ ಪತ್ರ ಸರ್ಕಾರದ ವೃತ್ತಿಶಿಕ್ಷಣ ಸಂಸ್ಥೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ, ಅದನ್ನು ಇಳಿಸಿಕೊಂಡು ಲಗತ್ತಿಸಬಹುದು. ಅದರ ಮೇಲಿನ ಮೈಸ್ಟರ್ ಅರ್ಹತೆಯನ್ನು ದೇಶದ ಅರ್ಹತಾ ಚೌಕಟ್ಟಿನಲ್ಲಿ ಬ್ಯಾಚುಲರ್ ಪದವಿಯ ಮಟ್ಟದಲ್ಲೇ, ಅಂದರೆ 6ನೆಯ ಮಟ್ಟದಲ್ಲಿ ಇಟ್ಟಿದ್ದಾರೆ. ಅಂಕಗಳ ವಿಷಯದಲ್ಲಿ ಇಲ್ಲಿ 1 ಅತ್ಯುತ್ತಮ, 1.3 ಎಂದು ಬರೆದು ಸುಮ್ಮನಾದರೆ ಹೊರದೇಶದವರು ಏನೆಂದು ತಿಳಿದಾರು? ಪಕ್ಕದಲ್ಲಿ ಒಂದು ವಿವರಣೆ ಇರಲಿ.

ಸಂದರ್ಶನದಲ್ಲಿ ತಮ್ಮ ಬಗ್ಗೆ ಹೇಳಿಕೊಳ್ಳಲು ಇವರು ಹಿಂಜರಿಯುತ್ತಾರೆ. ಏನು ಮಾಡಬೇಕು?

ಇಲ್ಲಿ ತೊಡಕು ಭಾಷೆಯದ್ದು ಮಾತ್ರವಲ್ಲ. ತನ್ನನ್ನು ತಾನೇ ಹೊಗಳಿಕೊಳ್ಳುವವರನ್ನು ಕಂಡರೆ, ಅದರಲ್ಲಿಯೂ ಉತ್ತರ ಜರ್ಮನಿಯ ಕಡೆ, ಒಂದು ಬಗೆಯ ಅನುಮಾನವಿದೆ. ದಾಖಲೆಗಳು ಮಾತಾಡಲಿ ಎಂಬುದು ಅವರ ನಿಲುವು. ಹಾಗಿರುವಾಗ 'ಐ ಆ್ಯಮ್ ಎ ಪ್ಯಾಷನೇಟ್ ಟೀಮ್ ಪ್ಲೇಯರ್' ಎಂಬಂತಹ ವಾಕ್ಯಗಳನ್ನು ಬಾಯಿಪಾಠ ಮಾಡಿಸಿದರೆ ಅವು ಅವರ ಬಾಯಲ್ಲಿ ಸುಳ್ಳಾಗಿಯೇ ಕೇಳಿಸುತ್ತವೆ. ಗುಣವಾಚಕಗಳನ್ನು ಬಿಟ್ಟು ಘಟನೆ ಹೇಳಲು ಕಲಿಸಿ: ಪರಿಸ್ಥಿತಿ ಹೇಗಿತ್ತು, ನಿಮ್ಮ ಪಾಲಿಗೆ ಬಂದ ಕೆಲಸ ಯಾವುದು, ನೀವು ಏನು ಮಾಡಿದಿರಿ, ಕೊನೆಗೆ ಏನಾಯಿತು. 'ಸ್ಟಾರ್' ಎಂದು ಕರೆಯುವ ಈ ಕ್ರಮ ಜರ್ಮನರಿಗೆ ಬಹಳ ಬೇಗ ಒಗ್ಗುತ್ತದೆ, ಏಕೆಂದರೆ ಅದು ವರದಿಯಂತಿದೆ, ಜಂಬದಂತಿಲ್ಲ.

ಇನ್ನೊಂದು ಎಚ್ಚರ. ಜರ್ಮನಿನಲ್ಲಿ 'ನಾವು ಮಾಡಿದೆವು' ಎನ್ನುವುದು ಸೌಜನ್ಯ, ಇಂಗ್ಲಿಷ್ ಸಂದರ್ಶನದಲ್ಲಿ 'ಹಾಗಾದರೆ ನೀವೇನು ಮಾಡಿದಿರಿ' ಎಂಬ ಮರುಪ್ರಶ್ನೆ ಬರುತ್ತದೆ. ಜೋಡಿಯಾಗಿ ಅಭ್ಯಾಸ ಮಾಡಿಸುವಾಗ 'ವಿ' ಎಂದೊಡನೆ ಎದುರಿನವರು ಕೈ ಎತ್ತಲಿ. ಹತ್ತು ನಿಮಿಷದಲ್ಲಿ ನಗುವೂ ಬರುತ್ತದೆ, ರೂಢಿಯೂ ಬದಲಾಗುತ್ತದೆ. ಸಂಬಳದ ಪ್ರಶ್ನೆಗೆ ವರ್ಷದ ಒಟ್ಟು ಮೊತ್ತವನ್ನು ತೆರಿಗೆಗೆ ಮುಂಚಿನ ಲೆಕ್ಕದಲ್ಲಿ ಹೇಳಲು ಮತ್ತು ನೋಟಿಸ್ ಅವಧಿಯನ್ನು ವಿವರಿಸಲು ಒಂದೊಂದು ಸಿದ್ಧ ವಾಕ್ಯ ಇರಲಿ.

ಇವರ ಇಂಗ್ಲಿಷ್ ಇಮೇಲುಗಳು ಒರಟಾಗಿ ತೋರುತ್ತವೆ. ಉದ್ದೇಶಪೂರ್ವಕವೆ?

ಅಲ್ಲ. ಜರ್ಮನಿನಲ್ಲಿ 'ಬಿಟ್ಟೆ' ಎಂಬ ದಯವಿಟ್ಟಿನ ಮಾತು ಸೇರಿಸಿ ನೇರವಾಗಿ ಕೇಳಿದರೆ ಮರ್ಯಾದೆಗೆ ಕೊರತೆಯಿಲ್ಲ; 'ಪ್ಲೀಸ್ ಸೆಂಡ್ ಮಿ ದ ಫೈಲ್' ಎಂಬುದು ಅದರದೇ ರೂಪ. 'ಕುಡ್ ಯು', 'ವುಡ್ ಇಟ್ ಬಿ ಪಾಸಿಬಲ್' ಎಂಬ ಸುತ್ತುಬಳಸಿನ ದಾರಿಯನ್ನು ತೋರಿಸಿ, ಆದರೆ ಅವರ ನೇರತನವನ್ನು ದೋಷವೆಂದು ಬಿಂಬಿಸಬೇಡಿ. ಗೌರವದ 'ಜೀ' ಮತ್ತು ಸಲುಗೆಯ 'ಡೂ' ನಮ್ಮ ನೀವು, ನೀನುಗಳಂತೆಯೇ ಇರುವುದರಿಂದ, ಎಲ್ಲರಿಗೂ ಒಂದೇ 'ಯು' ಎಂದಾಗ ಹಿರಿಯರಿಗೆ ಆಗುವ ಮುಜುಗರ ನಮಗೆ ಚೆನ್ನಾಗಿ ಅರ್ಥವಾಗುತ್ತದೆ.

ಬೆಂಗಳೂರಿನ ಸಹೋದ್ಯೋಗಿಗಳ ಮಾತು ಅರ್ಥವಾಗುವುದಿಲ್ಲ ಎನ್ನುತ್ತಾರೆ. ಇದನ್ನೂ ಪಾಠವಾಗಿಸಬಹುದೆ?

ಕನ್ನಡಿಗ ಶಿಕ್ಷಕರು ಬೇರೆಲ್ಲರಿಗಿಂತ ಚೆನ್ನಾಗಿ ಕೊಡಬಹುದಾದ ಪಾಠ ಇದೇ. ಬಾಷ್, ಎಸ್‌ಎಪಿ, ಸೀಮೆನ್ಸ್, ಮರ್ಸಿಡಿಸ್ ಬೆಂಜ್ ಇವೆಲ್ಲಕ್ಕೂ ಬೆಂಗಳೂರಿನಲ್ಲಿ ದೊಡ್ಡ ಅಭಿವೃದ್ಧಿ ಕೇಂದ್ರಗಳಿವೆ. ಸ್ಟುಟ್‌ಗಾರ್ಟಿನ ಎಂಜಿನಿಯರಿಗೆ ದಿನದ ಮೊದಲ ಕರೆ ಅಲ್ಲಿಂದಲೇ ಬರುವುದುಂಟು. ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಅಂತರವೆಂಬುದರಿಂದ ಆರಂಭಿಸಿ, ಲಕ್ಷ, ಕೋಟಿ, 'ಪ್ರಿಪೋನ್', 'ಡು ದ ನೀಡ್‌ಫುಲ್' ಇವುಗಳನ್ನು ಪರಿಚಯಿಸಿ. 'ಯೆಸ್' ಎಂದರೆ ಕೇಳಿಸಿಕೊಂಡೆ ಎಂದೂ ಆಗಬಹುದು, ಮಾಡಿಕೊಡುತ್ತೇನೆ ಎಂಬ ಮಾತು ಕೊಟ್ಟಂತೆ ಆಗಬೇಕಿಲ್ಲ ಎಂಬುದನ್ನು ವಿವರಿಸಿ. ಆಗ ಯಾವ ಪ್ರಶ್ನೆ ಕೇಳಿದರೆ ಖಚಿತ ಉತ್ತರ ಬರುತ್ತದೆ ಎಂಬುದನ್ನೂ ಹೇಳಿಕೊಡಿ: 'ಯಾವಾಗ ಕಳಿಸುತ್ತೀರಿ' ಎಂಬುದು 'ಕಳಿಸಬಹುದೆ' ಎಂಬುದಕ್ಕಿಂತ ಮೇಲು.

ಯಂತ್ರಾನುವಾದ ಮತ್ತು ಚಾಟ್‌ಜಿಪಿಟಿ ಇರುವಾಗ ಅರ್ಜಿ ಬರೆಯುವುದನ್ನು ಕಲಿಸಬೇಕೆ?

ಬಳಸಬೇಡಿ ಎಂದರೆ ಯಾರೂ ಕೇಳುವುದಿಲ್ಲ. ಯಂತ್ರಾನುವಾದ ಮಾಡುವ ಡೀಪ್ಎಲ್ ಅವರದೇ ಕಲೋನ್ ನಗರದ ಕಂಪನಿ, ಕಚೇರಿಗಳಲ್ಲಿ ಅದರ ಬಳಕೆ ಸಾಮಾನ್ಯ. ನನ್ನ ನಿಯಮ ಒಂದೇ: ಅರ್ಜಿಯಲ್ಲಿರುವ ಪ್ರತಿ ವಾಕ್ಯವನ್ನೂ ಕಾಗದ ನೋಡದೆ, ತಮ್ಮದೇ ಇಂಗ್ಲಿಷಿನಲ್ಲಿ ಬಾಯಲ್ಲಿ ವಿವರಿಸಲು ಬರಬೇಕು. ವಿವರಿಸಲಾಗದ ವಾಕ್ಯವನ್ನು ತೆಗೆದುಹಾಕಬೇಕು. ಸಿ1 ಮಟ್ಟದ ಪತ್ರ ಕಳಿಸಿ ಎ2 ಮಟ್ಟದ ಮಾತಿನೊಂದಿಗೆ ಸಂದರ್ಶನಕ್ಕೆ ಹೋದರೆ ಐದು ನಿಮಿಷದಲ್ಲಿ ಬಣ್ಣ ಬಯಲಾಗುತ್ತದೆ.

ಪರೀಕ್ಷೆಯ ಪ್ರಮಾಣಪತ್ರ ಬೇಕೆ?

ಕೆಲವರಿಗೆ ಮಾತ್ರ. ಕೇಂಬ್ರಿಡ್ಜಿನ ವ್ಯವಹಾರ ಇಂಗ್ಲಿಷ್ ಪರೀಕ್ಷೆಗಳು ಬಿ1, ಬಿ2, ಸಿ1 ಮಟ್ಟಗಳಲ್ಲಿವೆ. ಟೆಲ್ಕ್ ಮತ್ತು ಟೋಯಿಕ್ ಕೂಡ ಇಲ್ಲಿ ಪರಿಚಿತ. ಐವತ್ತೈದರ ಯಂತ್ರಕುಶಲಿಗೆ ಪರೀಕ್ಷೆಗಿಂತ ಅಭ್ಯಾಸದ ಸಂದರ್ಶನಗಳೇ ಮೇಲು.

ಉದ್ಯೋಗ ಕಚೇರಿಯ ಒತ್ತಾಯಕ್ಕೆ ಬಂದವರು ಮುಖ ಬಿಗಿದು ಕೂರುತ್ತಾರೆ. ಹೇಗೆ ನಿಭಾಯಿಸುವುದು?

ಇಂತಹ ತರಗತಿಗಳಲ್ಲಿ ಇಂಗ್ಲಿಷ್ ಬರುವುದಿಲ್ಲ ಎಂಬ ಸಂಕೋಚದ ಹಿಂದೆ ಕೆಲಸ ಹೋಯಿತು ಎಂಬ ಅವಮಾನ ಕೂತಿರುತ್ತದೆ. ಆಟ, ಹಾಡು, ಮಕ್ಕಳ ಚಿತ್ರಪಟಗಳು ಬೇಡ. 'ನಿಮ್ಮ ಯಂತ್ರ ಕೆಟ್ಟರೆ ಮೊದಲು ಏನು ನೋಡುತ್ತೀರಿ' ಎಂದು ಕೇಳಿ. ವಿಷಯ ತನಗೆ ಗೊತ್ತಿರುವುದಾದಾಗ ಮನುಷ್ಯ ಅರೆಬರೆ ಭಾಷೆಯಲ್ಲಾದರೂ ಮಾತಾಡಿಯೇ ತೀರುತ್ತಾನೆ. ಹಾಜರಿಯ ನಿಯಮ ಕಟ್ಟುನಿಟ್ಟಾದದ್ದು. ಸಹಿಯ ಹಾಳೆಯಲ್ಲಿ ಯಾರಿಗೂ ರಿಯಾಯಿತಿ ತೋರಿಸಬೇಡಿ.

ಸ್ವತಂತ್ರವಾಗಿ ಕಲಿಸಲು ಕಾನೂನಿನ ತೊಡಕುಗಳಿವೆಯೆ?

ಕುಟುಂಬ ವೀಸಾದ ಮೇಲೆ ಬಂದ ಬಾಳಸಂಗಾತಿಗೆ ಸಾಮಾನ್ಯವಾಗಿ ನೌಕರಿಗೂ ಸ್ವಯಂ ಉದ್ಯೋಗಕ್ಕೂ ಅನುಮತಿ ಇರುತ್ತದೆ. ವಿದ್ಯಾರ್ಥಿ ವೀಸಾದವರು ಸ್ವಯಂ ಉದ್ಯೋಗಕ್ಕೆ ವಿದೇಶಿಯರ ಕಚೇರಿಯ ಪ್ರತ್ಯೇಕ ಒಪ್ಪಿಗೆ ಪಡೆಯಬೇಕು. ಅನೇಕರ ಗಮನಕ್ಕೆ ಬಾರದ ವಿಷಯವೊಂದಿದೆ: ನೌಕರರನ್ನು ಇಟ್ಟುಕೊಳ್ಳದ ಸ್ವತಂತ್ರ ಶಿಕ್ಷಕರು, ಆದಾಯ ತೀರಾ ಅತ್ಯಲ್ಪವಲ್ಲದಿದ್ದರೆ, ಸರ್ಕಾರಿ ಪಿಂಚಣಿ ವಿಮೆಗೆ ಕಡ್ಡಾಯವಾಗಿ ಸೇರಬೇಕು. ಕೆಲಸ ಶುರುಮಾಡಿದ 3 ತಿಂಗಳೊಳಗೆ ತಾವಾಗಿಯೇ ತಿಳಿಸಬೇಕು. ವಂತಿಗೆಯ ದರ 18.6 ಶೇಕಡ, ಪೂರ್ತಿ ನಿಮ್ಮದೇ. ಹೆರೆನ್‌ಬೆರ್ಗ್ ಎಂಬ ಊರಿನ ಸಂಗೀತ ಶಾಲೆಯ ಶಿಕ್ಷಕಿಯ ಪ್ರಕರಣದಲ್ಲಿ 2022ರ ಜೂನ್‌ನಲ್ಲಿ ಸಾಮಾಜಿಕ ವ್ಯವಹಾರಗಳ ಸರ್ವೋಚ್ಚ ನ್ಯಾಯಾಲಯ, ಸಂಸ್ಥೆಯ ಕೋಣೆ ಮತ್ತು ವ್ಯವಸ್ಥೆಯೊಳಗೆ ದುಡಿದ ಅವರು ಸ್ವತಂತ್ರರಲ್ಲ, ನೌಕರರೇ ಎಂದು ತೀರ್ಪು ಕೊಟ್ಟಿತು. ಅಂದಿನಿಂದ ತರಬೇತಿ ಸಂಸ್ಥೆಗಳು ಒಪ್ಪಂದ ಮಾಡಿಕೊಳ್ಳುವಾಗ ಬಹಳ ಜಾಗರೂಕವಾಗಿವೆ. ಸಹಿ ಹಾಕುವ ಮುಂಚೆ ತೆರಿಗೆ ಸಲಹೆಗಾರರೊಬ್ಬರಿಗೆ ಒಪ್ಪಂದ ತೋರಿಸಿ.

ಮೊದಲ ತರಗತಿಗೆ ಏನು ಒಯ್ಯಬೇಕು?

ಪಠ್ಯಪುಸ್ತಕ ಎರಡನೆಯ ವಾರಕ್ಕಿರಲಿ. ಮೊದಲ ದಿನ ಪ್ರತಿಯೊಬ್ಬರೂ ತಮಗೆ ಬೇಕೆನಿಸಿದ ಒಂದು ನಿಜವಾದ ಉದ್ಯೋಗ ಜಾಹೀರಾತನ್ನು ತರುವಂತೆ ಮುಂಚೆಯೇ ತಿಳಿಸಿ, ತರದವರಿಗಾಗಿ ನೀವೇ ನಾಲ್ಕೈದನ್ನು ಮುದ್ರಿಸಿಕೊಂಡು ಹೋಗಿ. ಜಾಹೀರಾತಿನಲ್ಲಿ ಕೇಳಿರುವ ಕೆಲಸಗಳಲ್ಲಿ ತಾವು ಈಗಾಗಲೇ ಮಾಡಿರುವವುಗಳ ಕೆಳಗೆ ಅವರು ಗೆರೆ ಎಳೆಯಲಿ, ಆಮೇಲೆ ಪಕ್ಕದವರಿಗೆ ಅದರಲ್ಲಿ ಒಂದನ್ನು ಇಂಗ್ಲಿಷಿನಲ್ಲಿ ಹೇಳಲಿ. ನೀವು ನಡುವೆ ತಿದ್ದದೆ ಕೇಳಿಸಿಕೊಳ್ಳುತ್ತಾ, ಯಾರಿಗೆ ಯಾವ ಪದ ಸಿಗಲಿಲ್ಲ ಎಂಬುದನ್ನು ಬರೆದುಕೊಳ್ಳಿ. ಎರಡನೆಯ ತರಗತಿಯ ಪಾಠ ಆ ಹಾಳೆಯಿಂದಲೇ ತಯಾರಾಗುತ್ತದೆ.